ಅಮ್ಮನಿಗೆ ಇನ್ನೂ ಐದು ದಿನ ಇಂಜೆಕ್ಷನ್ ಬಾಕಿ ಇದೆ, ಮೆಡಿಕಲ್ ಶಾಪ್‌ನಲ್ಲಿ ಹಾಕಿಸಬಹುದಾ?

ಅಡಿಕೆತೋಟ · ಗುರುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಒಂದು ಸಣ್ಣ ಊರು. ಅಮ್ಮನಿಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ. ಹನ್ನೆರಡು ದಿನದ ಹಿಂದೆ ಜ್ವರ ಶುರುವಾಯಿತು. ಮಾತ್ರೆಗೆ ಬಗ್ಗಲಿಲ್ಲ. ಶಿವಮೊಗ್ಗದಲ್ಲಿ ಅಡ್ಮಿಟ್ ಮಾಡಿದೆವು. ರಕ್ತದ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟ್‌ನಲ್ಲಿ ಟೈಫಾಯಿಡ್ ಅಂತ ಬಂತು. ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯಾಟಿಕ್ ಇಂಜೆಕ್ಷನ್ ದಿನಕ್ಕೆ 2 ಗ್ರಾಂ, ಐದು ದಿನ ಹಾಕಿದರು. ಇವತ್ತು ಮಧ್ಯಾಹ್ನ ಡಿಸ್ಚಾರ್ಜ್ ಆಯಿತು. ಇನ್ನೂ ಐದು ದಿನ ಹಾಕಿಸಬೇಕು, ಹತ್ತಿರದಲ್ಲೇ ಎಲ್ಲಾದರೂ ಹಾಕಿಸಿಕೊಳ್ಳಿ ಅಂದರು. ಕೈಯಲ್ಲಿ ಕ್ಯಾನುಲಾ (ಇಂಜೆಕ್ಷನ್ ಹಾಕಲು ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ) ಹಾಗೇ ಬಿಟ್ಟಿದ್ದಾರೆ. ಔಷಧಿ ಬಾಟಲಿಗಳನ್ನು ಕವರ್‌ನಲ್ಲಿ ಹಾಕಿ ಕೊಟ್ಟಿದ್ದಾರೆ.

ನಮ್ಮೂರ ಸರ್ಕಲ್‌ನಲ್ಲಿರುವ ಮೆಡಿಕಲ್ ಶಾಪ್‌ನವರು ಪರಿಚಯದವರೇ. 'ತನ್ನಿ, ಎರಡೂ ಬಾಟಲಿ ಕಲಸಿ ಒಂದೇ ಸಲ ತಳ್ಳಿಬಿಡ್ತೀನಿ, ಐದು ನಿಮಿಷದ ಕೆಲಸ' ಅಂದರು. ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) 9 ಕಿಲೋಮೀಟರ್ ದೂರ. ಈ ಮಳೆಯಲ್ಲಿ ಅಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುವುದು ಕಷ್ಟ. ಆದರೂ ಮನಸ್ಸು ಒಪ್ಪುತ್ತಿಲ್ಲ. ಸಂಜೆ ಆದರೆ ಇನ್ನೂ 100 ಡಿಗ್ರಿ ಜ್ವರ ಬರುತ್ತದೆ. ಔಷಧಿ ಹಿಡಿಯುತ್ತಿಲ್ಲವಾ ಅಂತ ಇನ್ನೊಂದು ಭಯ. ನಾಳೆ ಬೆಳಿಗ್ಗೆ 10 ಗಂಟೆಗೆ ಮುಂದಿನ ಡೋಸ್. ಗೊತ್ತಿದ್ದವರು ದಯವಿಟ್ಟು ಹೇಳಿ.

ವಾರ್ಡ್ ಸಿಸ್ಟರ್ · ಗುರುವಾರ ರಾತ್ರಿ 10:15

ತಮ್ಮಾ, ನಾನು 18 ವರ್ಷದಿಂದ ವಾರ್ಡಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲು ಒಂದು ಮಾತು. 2 ಗ್ರಾಂ ಡೋಸನ್ನು ಸಿರಿಂಜಿನಲ್ಲಿ ಒಂದೇ ಸಲ ತಳ್ಳಿಸಬೇಡಿ. 1 ಗ್ರಾಂ ಆದರೆ ಎರಡರಿಂದ ನಾಲ್ಕು ನಿಮಿಷ ತೆಗೆದುಕೊಂಡು ನಿಧಾನವಾಗಿ ತಳ್ಳಬಹುದು. 2 ಗ್ರಾಂ ಅಂದರೆ 100 ಎಂ.ಎಲ್ ನಾರ್ಮಲ್ ಸಲೈನ್‌ಗೆ ಸೇರಿಸಿ, ಅರ್ಧ ಗಂಟೆ ಡ್ರಿಪ್‌ನಲ್ಲಿ ಬಿಡುತ್ತೇವೆ. ಆಸ್ಪತ್ರೆಯಲ್ಲೂ ಹಾಗೇ ಕೊಟ್ಟಿರುತ್ತಾರೆ. ಅಮ್ಮನನ್ನು ಕೇಳಿ ನೋಡಿ, ಸಣ್ಣ ಬಾಟಲಿ ನೇತುಹಾಕಿದ್ದರಾ ಅಂತ.

ಎಲ್ಲಿ ಹಾಕಿಸಿದರೂ ನೀವು ಪಕ್ಕದಲ್ಲೇ ನಿಂತು ನೋಡಿ. ಪುಡಿ ಇರುವ ಬಾಟಲಿಯ ರಬ್ಬರ್ ಮುಚ್ಚಳವನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಒಣಗಲು ಬಿಡಬೇಕು. ಸಿರಿಂಜು, ಸೂಜಿ ಎರಡನ್ನೂ ನಿಮ್ಮ ಕಣ್ಣೆದುರೇ ಕವರ್ ಹರಿದು ತೆಗೆಯಬೇಕು. ನೀರು ಹಾಕಿದ ಮೇಲೆ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಬೇಕು. ಪುಡಿ ಪೂರ್ತಿ ಕರಗಿ ತಿಳಿಯಾಗಬೇಕು. ತೆಳು ಹಳದಿ ಬಣ್ಣ ಬಂದರೆ ಗಾಬರಿ ಬೇಡ, ಅದು ಆ ಔಷಧಿಯ ಬಣ್ಣವೇ. ತಳದಲ್ಲಿ ಪುಡಿ ಕೂತಿದ್ದರೆ, ಏನಾದರೂ ತೇಲುತ್ತಿದ್ದರೆ ಬೇಡ ಅನ್ನಿ. ಬೆಳಿಗ್ಗೆ ಕಲಸಿಟ್ಟದ್ದನ್ನು ಸಂಜೆ ಹಾಕುವುದೂ ಬೇಡ.

ಆರ್‌ಎಲ್ ಬಾಟಲಿ ಇರುತ್ತದಲ್ಲ, ರಿಂಗರ್ ಲ್ಯಾಕ್ಟೇಟ್, ಅದರ ಜೊತೆ ಇದನ್ನು ಬೆರೆಸಲೇಬಾರದು. ಆರ್‌ಎಲ್‌ನಲ್ಲಿ ಕ್ಯಾಲ್ಸಿಯಂ ಇದೆ. ಎರಡೂ ಸೇರಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳು ಕಟ್ಟುತ್ತದೆ. ಹಸುಗೂಸುಗಳಲ್ಲಿ ಇದರಿಂದ ಪ್ರಾಣವೇ ಹೋಗಿದೆ. 'ಸುಸ್ತಾಗಿದ್ದಾರೆ, ಒಂದು ಡ್ರಿಪ್ ಹಾಕಿ ಅದರಲ್ಲೇ ಇಂಜೆಕ್ಷನ್ ಬಿಡೋಣ' ಅಂತ ಯಾರಾದರೂ ಅಂದರೆ, ಯಾವ ಡ್ರಿಪ್ ಅಂತ ಹೆಸರು ಓದಿ.

ಇನ್ನು ಕ್ಯಾನುಲಾ. ಅದನ್ನು ಯಾವತ್ತು ಹಾಕಿದ್ದು? ಪ್ಲಾಸ್ಟರ್ ಮೇಲೆ ತಾರೀಖು ಬರೆದಿರುತ್ತಾರೆ, ನೋಡಿ ಹೇಳಿ.

ಅಡಿಕೆತೋಟ · ಗುರುವಾರ ರಾತ್ರಿ 10:32

ಅಕ್ಕಾ, ತಾರೀಖು ಬರೆದಿಲ್ಲ. ಮಂಗಳವಾರ ಬದಲಾಯಿಸಿದ್ದು ಅಂತ ಅಮ್ಮ ಹೇಳುತ್ತಾರೆ. ನೀಲಿ ಬಣ್ಣದ್ದು. ಸುತ್ತ ಸ್ವಲ್ಪ ಕೆಂಪಾಗಿದೆ. ಮುಟ್ಟಿದರೆ ನೋವು ಅಂತಾರೆ. ಮೊಣಕೈ ಕಡೆಗೆ ಒಂದು ಹುರಿ ಹಾಗೆ ಗಟ್ಟಿಯಾಗಿ ಕೈಗೆ ಸಿಗುತ್ತದೆ.

ವಾರ್ಡ್ ಸಿಸ್ಟರ್ · ಗುರುವಾರ ರಾತ್ರಿ 10:38

ಆ ಕ್ಯಾನುಲಾದಲ್ಲಿ ನಾಳೆ ಡೋಸ್ ಹಾಕಿಸಬೇಡಿ. ರಕ್ತನಾಳ ಊದಿಕೊಂಡಿದೆ. ಅದನ್ನು ತೆಗೆಸಿ, ಇನ್ನೊಂದು ಕೈಗೆ ಹೊಸದು ಹಾಕಿಸಬೇಕು. ಮೂರು ನಾಲ್ಕು ದಿನ ಇಟ್ಟುಕೊಳ್ಳಬಹುದು ಅನ್ನುವುದು ಲೆಕ್ಕಕ್ಕೆ ಸರಿ. ಆದರೆ ಕೆಂಪಾದರೆ, ಊದಿದರೆ, ನೋವು ಬಂದರೆ ಒಂದೇ ದಿನಕ್ಕಾದರೂ ತೆಗೆಯಲೇಬೇಕು. ಸಕ್ಕರೆ ಕಾಯಿಲೆಯವರಿಗೆ ಅಲ್ಲಿಂದಲೇ ಸೋಂಕು ಒಳಗೆ ಹೋಗುತ್ತದೆ. ಒಂದು ಸೋಂಕಿಗೆ ಔಷಧಿ ಹಾಕಲು ಹೋಗಿ ಇನ್ನೊಂದನ್ನು ತಂದುಕೊಂಡ ಹಾಗಾಗುತ್ತದೆ. ಹೊಸದು ಹಾಕಿದ ಮೇಲೆ ಪ್ಲಾಸ್ಟರ್ ಮೇಲೆ ನೀವೇ ಪೆನ್ನಿನಲ್ಲಿ ತಾರೀಖು ಬರೆಯಿರಿ. ಸ್ನಾನ ಮಾಡುವಾಗ ನೀರು ತಾಗದ ಹಾಗೆ ಪ್ಲಾಸ್ಟಿಕ್ ಕಟ್ಟಿ.

ಬಯಲುಸೀಮೆ · ಗುರುವಾರ ರಾತ್ರಿ 11:05

ನನ್ನ ಭಾವನ ವಿಷಯ ಹೇಳುತ್ತೇನೆ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ. ಕಾಲಿಗೆ ಗಾಯ ಆಗಿ ಕೀವು ತುಂಬಿತ್ತು. ಇದೇ ಜಾತಿಯ ಇಂಜೆಕ್ಷನ್ ಬರೆದಿದ್ದರು. ಮೊದಲ ದಿನ ಚರ್ಮದ ಕೆಳಗೆ ಒಂದು ಹನಿ ಹಾಕಿ ಟೆಸ್ಟ್ ಡೋಸ್ ಮಾಡಿದರು. ಏನೂ ಆಗಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲೇ ಆಯಿತು. ಮೂರನೇ ದಿನ 'ಇನ್ನೇನು, ಟೆಸ್ಟ್ ಆಗಿದೆಯಲ್ಲ' ಅಂತ ಮನೆ ಹತ್ತಿರ ಒಬ್ಬರ ಕೈಲಿ ಹಾಕಿಸಿದೆವು.

ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದಿದ್ದರು, ಅಷ್ಟೆ. 'ಅಂಗೈ ಕೆರೀತಿದೆ' ಅಂದರು ಭಾವ. ನಾವು ನಕ್ಕೆವು. ಎರಡೇ ನಿಮಿಷದಲ್ಲಿ ಎದೆ ಮೇಲೆಲ್ಲ ಕೆಂಪು ದದ್ದು ಎದ್ದಿತು. ತುಟಿ ದಪ್ಪ ಆಯಿತು. ಗಂಟಲು ಹಿಡಿದ ಹಾಗೆ ಆಗಿ ಮಾತು ನಿಂತಿತು. ಇಂಜೆಕ್ಷನ್ ಹಾಕಿದವರು ಅವರಿಗೆ ಗೊತ್ತಿದ್ದ ಅಲರ್ಜಿ ಔಷಧಿ ಏವಿಲ್, ಸ್ಟೀರಾಯ್ಡ್ ಆದ ಡೆಕ್ಸಾ ಹಾಕಿದರು. ಕಡಿಮೆ ಆಗಲಿಲ್ಲ. ಪುಣ್ಯಕ್ಕೆ ತಾಲ್ಲೂಕು ಆಸ್ಪತ್ರೆ ಕಣ್ಣಳತೆ ದೂರದಲ್ಲಿತ್ತು. ಆಟೋದಲ್ಲಿ ಮಲಗಿಸಿಕೊಂಡು ಓಡಿದೆವು. ಅಲ್ಲಿ ತೊಡೆಗೆ ಅಡ್ರಿನಲಿನ್ ಹಾಕಿದ ಮೇಲೆ ಉಸಿರು ಬಂತು.

ಆ ಮನುಷ್ಯ ಕೆಟ್ಟವನಲ್ಲ. ಅವನ ಹತ್ತಿರ ಅಡ್ರಿನಲಿನ್ ಇರಲಿಲ್ಲ, ಅಷ್ಟೇ. ನಾಳೆ ನೀವು ಎಲ್ಲಿಗೇ ಹೋಗಿ, ಅದೊಂದು ಇದೆಯಾ ಅಂತ ಕೇಳಿ.

ಫಿಸಿಷಿಯನ್ · ಶುಕ್ರವಾರ ಬೆಳಿಗ್ಗೆ 6:20

ರಾತ್ರಿ ಡ್ಯೂಟಿ ಮುಗಿಸಿ ಈಗ ಓದಿದೆ. ಬಯಲುಸೀಮೆಯವರು ಹೇಳಿದ್ದನ್ನು ಎಲ್ಲರೂ ಇನ್ನೊಮ್ಮೆ ಓದಿ. ಟೆಸ್ಟ್ ಡೋಸ್ ಸರಿಯಾಗಿದೆ ಅಂದರೆ ಅಲರ್ಜಿ ಆಗುವುದೇ ಇಲ್ಲ ಅಂತ ಅರ್ಥ ಅಲ್ಲ. ಹಿಂದೆ ಹತ್ತು ಸಲ ತೆಗೆದುಕೊಂಡಿದ್ದರೂ ಹನ್ನೊಂದನೇ ಸಲ ಆಗಬಹುದು. ತೀವ್ರ ಅಲರ್ಜಿ ಬಂದರೆ ಮೊದಲು ಕೊಡಬೇಕಾದ ಔಷಧಿ ಅಡ್ರಿನಲಿನ್, ತೊಡೆಯ ಹೊರಭಾಗದ ಮಾಂಸಕ್ಕೆ. ಏವಿಲ್, ಸ್ಟೀರಾಯ್ಡ್ ಎಲ್ಲ ಆಮೇಲೆ. ರೋಗಿಯನ್ನು ಮಲಗಿಸಿ ಕಾಲು ಎತ್ತರಕ್ಕೆ ಇಡಬೇಕು. ಎಬ್ಬಿಸಿ ನಡೆಸಬಾರದು. ಉಸಿರಾಟ ತುಂಬ ಕಷ್ಟವಾದರೆ ಒರಗಿ ಕೂರಲು ಬಿಡಿ. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರುವುದು ಇದಕ್ಕೇ. ಜಾಸ್ತಿ ಅಪಾಯ ಇರುವುದು ಆ ಹೊತ್ತಿನಲ್ಲಿ.

ಅಮ್ಮನ ಜ್ವರದ ಬಗ್ಗೆ. ಸರಿಯಾದ ಔಷಧಿ ಕೊಟ್ಟರೂ ಟೈಫಾಯಿಡ್ ಜ್ವರ ಇಳಿಯಲು ನಾಲ್ಕೈದು ದಿನ, ಕೆಲವರಿಗೆ ಒಂದು ವಾರವೂ ಬೇಕು. ಮೊದಲು 103 ಇದ್ದದ್ದು ಈಗ 100ಕ್ಕೆ ಬಂದಿದ್ದರೆ ದಾರಿ ಸರಿಯಾಗಿದೆ. ಕಲ್ಚರ್ ರಿಪೋರ್ಟ್‌ನ ಕೆಳಗೆ ಔಷಧಿಗಳ ಪಟ್ಟಿ ಇರುತ್ತದೆ. ಸೆಫ್ಟ್ರಿಯಾಕ್ಸೋನ್ ಎದುರಿಗೆ ಏನು ಬರೆದಿದೆ ನೋಡಿ. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ 2016ರಲ್ಲಿ ಈ ಔಷಧಿಗೂ ಬಗ್ಗದ ಟೈಫಾಯಿಡ್ ಶುರುವಾಯಿತು. ಆದ್ದರಿಂದಲೇ ಕಲ್ಚರ್ ಮಾಡಿಸಿದ ನಿಮ್ಮ ಡಾಕ್ಟರ ಬಗ್ಗೆ ನನಗೆ ಗೌರವ. ಟೈಫಾಯಿಡ್‌ಗೆ ಮಾಡುವ ಬರೀ ವಿಡಾಲ್ ರಕ್ತ ಪರೀಕ್ಷೆ ನಂಬಿ ಹತ್ತು ದಿನ ಇಂಜೆಕ್ಷನ್ ಚುಚ್ಚುವುದನ್ನು ತುಂಬ ನೋಡಿದ್ದೇನೆ.

ಆ ರಿಪೋರ್ಟ್ ಕೈಯಲ್ಲಿ ಹಿಡಿದು ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಊಟ ಮಾಡುತ್ತಿದ್ದಾರೆ, ವಾಂತಿ ಇಲ್ಲ ಅಂದರೆ ಉಳಿದ ದಿನಕ್ಕೆ ಅಜಿತ್ರೋಮೈಸಿನ್ ತರಹದ ಮಾತ್ರೆಗೆ ಬದಲಾಯಿಸಬಹುದಾ ಅಂತ ಕೇಳಿ. ಎಲ್ಲರಿಗೂ ಆಗುವುದಿಲ್ಲ, ತೀರ್ಮಾನ ಅವರದು. ಆದರೆ ನೀವು ಕೇಳದಿದ್ದರೆ ಆ ಮಾತೇ ಬರುವುದಿಲ್ಲ.

ಹೊಟ್ಟೆ ಜೋರಾಗಿ ನೋವು ಬಂದರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ, ಕಪ್ಪಗೆ ಟಾರಿನ ಹಾಗೆ ಅಥವಾ ರಕ್ತ ಬೆರೆತು ಮಲ ಹೋದರೆ ಪಿಎಚ್‌ಸಿ, ಮೆಡಿಕಲ್ ಶಾಪ್ ಅಂತ ಯೋಚಿಸಬೇಡಿ. 108ಕ್ಕೆ ಫೋನ್ ಮಾಡಿ. ಜ್ವರ ಶುರುವಾದ ಎರಡು ಮೂರನೇ ವಾರದಲ್ಲಿ ಕರುಳು ತೂತಾಗುವ ಅಪಾಯ ಇರುತ್ತದೆ. ನಿಮ್ಮಮ್ಮ ಈಗ ಅದೇ ಹೊತ್ತಿನಲ್ಲಿದ್ದಾರೆ. ಇನ್ನೊಂದು, ಊಟ ಕಡಿಮೆ ಆಗಿ ಸಕ್ಕರೆ ಮಾತ್ರೆ ಮಾತ್ರ ಹಾಗೇ ನುಂಗುತ್ತಿದ್ದರೆ ಶುಗರ್ ತೀರಾ ಇಳಿಯಬಹುದು. ಚೆಕ್ ಮಾಡಿಸುತ್ತಿರಿ.

ಹೊಳೆದಂಡೆ · ಶುಕ್ರವಾರ ಬೆಳಿಗ್ಗೆ 7:45

ಎಲ್ಲರೂ ಸೇರಿ ಹುಡುಗನನ್ನು ಹೆದರಿಸುತ್ತಿದ್ದೀರಿ ಅನ್ನಿಸುತ್ತದೆ. ನಮ್ಮೂರಲ್ಲಿ ಒಬ್ಬರು ಇಪ್ಪತ್ತು ವರ್ಷದಿಂದ ಇಂಜೆಕ್ಷನ್ ಹಾಕುತ್ತಿದ್ದಾರೆ. ಯಾರಿಗೂ ಏನೂ ಆಗಿಲ್ಲ. ರಾತ್ರಿ ಎರಡು ಗಂಟೆಗೆ ಕರೆದರೂ ಬರುತ್ತಾರೆ. ಕೂಲಿ ಬಿಟ್ಟು ದಿನಾ 18 ಕಿಲೋಮೀಟರ್ ಹೋಗಿ ಬರುವುದು ಎಲ್ಲರ ಕೈಲೂ ಆಗುತ್ತದಾ? ಪಿಎಚ್‌ಸಿಯಲ್ಲಿ ಡಾಕ್ಟರ್ ಇರುತ್ತಾರೆ ಅನ್ನುವ ಗ್ಯಾರಂಟಿಯೂ ಇಲ್ಲ.

ವಾರ್ಡ್ ಸಿಸ್ಟರ್ · ಶುಕ್ರವಾರ ಬೆಳಿಗ್ಗೆ 8:10

ಅಣ್ಣಾ, ನೀವು ಹೇಳುವ ಕಷ್ಟ ನಿಜ. ನಾನೂ ಹಳ್ಳಿಯವಳೇ. ಆದರೆ 'ಯಾರಿಗೂ ಏನೂ ಆಗಿಲ್ಲ' ಅನ್ನುವುದು ನಮಗೆ ಹೇಗೆ ಗೊತ್ತು? ಕೊಳಕು ಸೂಜಿಯಿಂದ ಬಂದ ಕಾಮಾಲೆ ಮರುದಿನ ಕಾಣುವುದಿಲ್ಲ. ಎರಡು ಮೂರು ತಿಂಗಳು ಕಳೆದ ಮೇಲೆ ಕಣ್ಣು ಹಳದಿಯಾಗುತ್ತದೆ. ಆಗ ಯಾರೂ ಹಳೇ ಇಂಜೆಕ್ಷನ್ ನೆನಪು ಮಾಡಿಕೊಳ್ಳುವುದಿಲ್ಲ. ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಹಾಗೇ ಆಯಿತು. ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ಹೆಪಟೈಟಿಸ್ ಬಿ ಹರಡಿತು, ತುಂಬ ಜನ ಸತ್ತರು. ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಂಗಾರಮಾವ್‌ನಲ್ಲಿ 2018ರಲ್ಲಿ ಎಚ್‌ಐವಿ ಬಂತು. ಅಲ್ಲಿಯೂ ಮನೆ ಬಾಗಿಲಿಗೇ ಬಂದು ಕಡಿಮೆ ದುಡ್ಡಿಗೆ ಚುಚ್ಚುತ್ತಿದ್ದವನ ಸೂಜಿಯ ಮೇಲೆಯೇ ಅನುಮಾನ ಬಿತ್ತು. ಅಲ್ಲಿನ ಜನರೂ ಅವನನ್ನು ನಂಬಿದ್ದರು.

ದೂರದ ಸಮಸ್ಯೆಗೆ ಒಂದು ದಾರಿ ಇದೆ. ಪಿಎಚ್‌ಸಿಗೆ ಮೊದಲೇ ಫೋನ್ ಮಾಡಿ ಹೊತ್ತು ಕೇಳಿ. ಈ ಔಷಧಿ ದಿನಕ್ಕೆ ಒಂದೇ ಸಲ. 10 ಗಂಟೆಯದು 11:30ಕ್ಕೆ ಆದರೆ ನಷ್ಟ ಇಲ್ಲ. ಭಾನುವಾರ ಪಿಎಚ್‌ಸಿ ಇಲ್ಲ ಅಂದರೆ ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಡಿಸ್ಚಾರ್ಜ್ ಚೀಟಿ ತೋರಿಸಿ. ಒಂದು ದಿನವೂ ಬಿಡಬೇಡಿ.

ಮೆಡಿಕಲ್ಸ್ ಅಣ್ಣ · ಶುಕ್ರವಾರ ಬೆಳಿಗ್ಗೆ 8:50

ನಾನೂ ಔಷಧಿ ಅಂಗಡಿಯವನೇ, ಹಾಗಾಗಿ ನೇರವಾಗಿ ಹೇಳುತ್ತೇನೆ. ನಮ್ಮ ಲೈಸೆನ್ಸ್ ಇರುವುದು ಮಾರುವುದಕ್ಕೆ. ಚುಚ್ಚುವುದಕ್ಕೆ ಅಲ್ಲ. ದಿನಕ್ಕೆ ನಾಲ್ಕು ಜನ ನನ್ನನ್ನೂ ಕೇಳುತ್ತಾರೆ. ಇಲ್ಲ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಆದರೂ ಹಾಕುವುದಿಲ್ಲ.

ಸೆಫ್ಟ್ರಿಯಾಕ್ಸೋನ್ ಎಚ್1 ಪಟ್ಟಿಯಲ್ಲಿದೆ. 2014ರ ಮಾರ್ಚ್ 1ರಿಂದ ಇದು ಜಾರಿಯಲ್ಲಿದೆ. ಲೇಬಲ್ ಮೇಲೆ ಕೆಂಪು ಚೌಕಟ್ಟಿನಲ್ಲಿ ಎಚ್ಚರಿಕೆ ಬರೆದಿರುತ್ತದೆ. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ರೋಗಿಯ ಹೆಸರು, ಬರೆದ ಡಾಕ್ಟರ ಹೆಸರು, ಎಷ್ಟು ಕೊಟ್ಟೆವು ಅನ್ನುವುದನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ನೀವು ಬಿಲ್ ತೆಗೆದುಕೊಳ್ಳಿ. ಬಿಲ್‌ನಲ್ಲಿರುವ ಬ್ಯಾಚ್ ನಂಬರು, ಬಾಟಲಿಯ ನಂಬರು ಒಂದೇ ಇರಬೇಕು.

ಜನ ಗಮನಿಸದ ಒಂದು ಅಪಾಯ ಹೇಳುತ್ತೇನೆ. ಇದೇ ಔಷಧಿಯನ್ನು ಮಾಂಸಕ್ಕೆ ಕೊಡುವಾಗ ನೋವು ಕಡಿಮೆ ಆಗಲಿ ಅಂತ ಲಿಗ್ನೋಕೇನ್ ಅನ್ನುವ ಮರಗಟ್ಟಿಸುವ ಔಷಧಿಯಲ್ಲಿ ಕಲಸುವುದುಂಟು. ಹಾಗೆ ಕಲಸಿದ್ದು ಕ್ಯಾನುಲಾ ಮೂಲಕ ರಕ್ತಕ್ಕೆ ಹೋಗಲೇಬಾರದು. ಹೃದಯದ ಬಡಿತ ತಪ್ಪುತ್ತದೆ. ನೀರಿನ ಆಂಪೂಲ್, ಲಿಗ್ನೋಕೇನ್ ಎರಡೂ ನೋಡಲು ನೀರಿನ ಹಾಗೇ ಇರುತ್ತವೆ. ಒಡೆಯುವ ಮೊದಲು ಹೆಸರು ಓದಿಸಿ. ಬಾಟಲಿಗಳನ್ನು ಒಲೆಯ ಹತ್ತಿರ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ.

ಕುಂದಾಪುರದವಳು · ಶುಕ್ರವಾರ ಮಧ್ಯಾಹ್ನ 1:30

ಪೂರ್ತಿ ಕೋರ್ಸ್ ಮುಗಿಸುವ ಬಗ್ಗೆ ನನ್ನದೊಂದು ಅನುಭವ. ಅಪ್ಪ ಗದ್ದೆ ಕೆಲಸದವರು, ಸಕ್ಕರೆ ಕಾಯಿಲೆ ಇದೆ. ಎರಡು ಮಳೆಗಾಲದ ಹಿಂದೆ ಬಿಡದ ಜ್ವರ. ಮೊದಲು ಹೋದ ಕಡೆ ನಾಲ್ಕು ದಿನ ಇದೇ ಸೆಫ್ಟ್ರಿಯಾಕ್ಸೋನ್ ಹಾಕಿದರು. ಜ್ವರ ಕದಲಲಿಲ್ಲ. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಕಲ್ಚರ್ ಮಾಡಿ ಮೆಲಿಯಾಯ್ಡೋಸಿಸ್ ಅಂದರು. ನಮ್ಮ ಕರಾವಳಿಯ ಮಣ್ಣು, ಕೆಸರಿನಲ್ಲೇ ಇರುವ ರೋಗಾಣು ಅಂತೆ. ಅದಕ್ಕೆ ಸೆಫ್ಟಾಜಿಡೀಮ್ ಬೇಕು ಅಂದರು. ಹೆಸರು ಕೇಳಲು ಒಂದೇ ತರಹ, ಔಷಧಿ ಬೇರೆ. ಎಂಟು ಗಂಟೆಗೊಮ್ಮೆ, ಎರಡು ವಾರ. ನಂತರ ಮೂರು ತಿಂಗಳು ಮಾತ್ರೆ. ಜ್ವರ ಬಿಟ್ಟ ಮೇಲೆ ಅಪ್ಪ 'ಸಾಕು, ಮಾತ್ರೆ ಯಾಕೆ' ಅಂತ ಹಟ ಮಾಡಿದರು. ನಡುವೆ ಬಿಟ್ಟರೆ ಕಾಯಿಲೆ ಮತ್ತೆ ತಿರುಗಿ ಬರುತ್ತದೆ ಅಂತ ಡಾಕ್ಟರ್ ಅಷ್ಟು ಹೇಳಿದ್ದರಿಂದ ನಾನು ಬಿಡಲಿಲ್ಲ. ಕ್ಯಾಲೆಂಡರ್‌ನಲ್ಲಿ ದಿನಾ ಒಂದೊಂದು ಗೀಟು ಹಾಕಿಸುತ್ತಿದ್ದೆ.

ಹಳೇ ಬೇರು · ಶುಕ್ರವಾರ ಸಂಜೆ 5:10

ನನಗೆ 71 ವರ್ಷ. ಕುಂದಾಪುರದ ತಂಗಿ ಹೇಳಿದ್ದು ಸರಿ, ಎಲ್ಲ ಆಂಟಿಬಯಾಟಿಕ್ ಇಂಜೆಕ್ಷನ್ ಒಂದೇ ಅಲ್ಲ. ಆರು ವರ್ಷದ ಹಿಂದೆ ಮೂತ್ರದ ಸೋಂಕಿಗೆ ನನಗೆ ಅಮಿಕಾಸಿನ್ ಹಾಕಿದರು. ಕಿಡ್ನಿಯ ರಕ್ತ ಪರೀಕ್ಷೆ ಮಾಡಲಿಲ್ಲ. ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ಐದನೇ ದಿನ ಕಿವಿಯಲ್ಲಿ ಗುಂಯ್ ಅನ್ನಲು ಶುರುವಾಯಿತು. ವಯಸ್ಸು ಅಂತ ಸುಮ್ನೆ ಇದ್ದೆ. ಕೋರ್ಸ್ ಮುಗಿಯುವ ಹೊತ್ತಿಗೆ ಮೊಮ್ಮಗಳ ಮಾತು ಕೇಳುತ್ತಿರಲಿಲ್ಲ. ಅವಳದು ಸಣ್ಣ ದನಿ. ಅಂಥ ದನಿಯೇ ಮೊದಲು ಹೋಗುತ್ತದಂತೆ. ಅದು ವಾಪಸ್ ಬರಲಿಲ್ಲ.

ಫಿಸಿಷಿಯನ್ · ಶುಕ್ರವಾರ ರಾತ್ರಿ 8:00

ಓದಿ ಸಂಕಟ ಆಯಿತು ಸರ್. ಜೆಂಟಾಮೈಸಿನ್, ಅಮಿಕಾಸಿನ್ ಎರಡೂ ಕಿಡ್ನಿ, ಕಿವಿ ಎರಡಕ್ಕೂ ತೊಂದರೆ ಕೊಡಬಲ್ಲವು. ಒಳ್ಳೆಯ ಔಷಧಿಗಳೇ, ಜೀವ ಉಳಿಸುತ್ತವೆ. ಆದರೆ ತೂಕ ನೋಡಿ ಡೋಸ್ ಲೆಕ್ಕ ಹಾಕಬೇಕು. ಕಿಡ್ನಿಯ ರಕ್ತ ಪರೀಕ್ಷೆ ಕ್ರಿಯಾಟಿನಿನ್ ಅನ್ನು ಮೊದಲು ಒಮ್ಮೆ, ನಡುವೆ ಮತ್ತೆ ನೋಡಬೇಕು. ಮೂತ್ರ ಹೋಗಲು ಲ್ಯಾಸಿಕ್ಸ್ ತೆಗೆದುಕೊಳ್ಳುವವರಾದರೆ ಅಪಾಯ ಇನ್ನೂ ಜಾಸ್ತಿ. ಕಿವಿಯಲ್ಲಿ ಶಬ್ದ, ತಲೆ ತಿರುಗುವುದು, ಮೂತ್ರ ಕಡಿಮೆ ಆಗುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಡೋಸ್‌ಗೆ ಮೊದಲೇ ಹೇಳಬೇಕು. ಅಡಿಕೆತೋಟದವರೇ, ನಿಮ್ಮಮ್ಮನ ಔಷಧಿ ಈ ಗುಂಪಿನದಲ್ಲ, ಹೆದರಬೇಡಿ.

ಪುಟ್ಟಿಯ ಅಮ್ಮ · ಶುಕ್ರವಾರ ರಾತ್ರಿ 9:25

ನನ್ನ ಮಗಳಿಗೆ 13 ವರ್ಷ. ರುಮ್ಯಾಟಿಕ್ ಜ್ವರ ಬಂದು ಹೃದಯದ ವಾಲ್ವ್‌ಗೆ ತೊಂದರೆ ಆಗಿದೆ. ಮೂರು ವಾರಕ್ಕೊಮ್ಮೆ ಪೆನಿಡ್ಯೂರ್ ಅನ್ನುವ ಪೆನಿಸಿಲಿನ್ ಇಂಜೆಕ್ಷನ್, 12 ಲಕ್ಷ ಯೂನಿಟ್. ನಾಲ್ಕು ವರ್ಷ ಆಯಿತು. ಗಟ್ಟಿ ಹಾಲಿನ ಹಾಗಿರುವ ಔಷಧಿ ಅದು. ಸಣ್ಣ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ. ಮಾಂಸದ ಆಳಕ್ಕೇ ಹೋಗಬೇಕು. ತಪ್ಪಿ ರಕ್ತನಾಳಕ್ಕೆ ಹೋದರೆ ಪ್ರಾಣಕ್ಕೆ ಅಪಾಯ. ಸೊಂಟದಲ್ಲಿ ಜಾಗ ತಪ್ಪಿದರೆ ಕಾಲಿನ ನರಕ್ಕೆ ಪೆಟ್ಟಾಗುತ್ತದೆ.

ನಮ್ಮ ಆಸ್ಪತ್ರೆಯ ಸಿಸ್ಟರ್ ಅವಳನ್ನು ಯಾವತ್ತೂ ನಿಲ್ಲಿಸಿ ಚುಚ್ಚಿಲ್ಲ. ಮೊದಲು ತಿಂಡಿ ಆಯಿತಾ ಅಂತ ಕೇಳುತ್ತಾರೆ. ಒಂದು ಲೋಟ ನೀರು ಕುಡಿಸಿ, ಮಲಗಿಸಿ ಹಾಕುತ್ತಾರೆ. ನೋವಿಗೆ, ಹೆದರಿಕೆಗೆ ಬಿಪಿ ಇಳಿದರೆ ವಾಲ್ವ್ ಕೆಟ್ಟಿರುವ ಹೃದಯ ತಡೆಯುವುದಿಲ್ಲ ಅಂತ ಬಿಡಿಸಿ ಹೇಳಿದರು. ಪುಟ್ಟಿ ನನ್ನ ಕೈ ಹಿಡಿದು ಇಪ್ಪತ್ತರಿಂದ ಹಿಂದಕ್ಕೆ ಎಣಿಸುತ್ತಾಳೆ. ಏಳು ಆರು ಬರುವಷ್ಟರಲ್ಲಿ ಮುಗಿದಿರುತ್ತದೆ.

ಮಲೆನಾಡಿನ ಮೇಷ್ಟ್ರು · ಶನಿವಾರ ಬೆಳಿಗ್ಗೆ 7:15

ನಮ್ಮ ಕಡೆಯವರಿಗೆ ಒಂದು ಮಾತು. ಜ್ವರ ಅಂದ ತಕ್ಷಣ 'ಒಂದು ಇಂಜೆಕ್ಷನ್ ಹಾಕಿ' ಅಂತ ಕೇಳುವುದು ನಾವೇ. ಹಾಕದ ಡಾಕ್ಟರಿಗೆ ಏನೂ ಗೊತ್ತಿಲ್ಲ ಅಂತೀವಿ. ಡೆಂಗ್ಯೂ ಜ್ವರ, ಮಂಗನ ಕಾಯಿಲೆ ಎರಡೂ ವೈರಸ್. ಆಂಟಿಬಯಾಟಿಕ್ ಅವುಗಳನ್ನು ಮುಟ್ಟುವುದೇ ಇಲ್ಲ. ಪ್ಲೇಟ್‌ಲೆಟ್ ಇಳಿದಿರುವಾಗ ಸೊಂಟಕ್ಕೆ ಚುಚ್ಚಿದರೆ ಒಳಗೇ ರಕ್ತ ಕಟ್ಟಿಕೊಳ್ಳುತ್ತದೆ. ಇಲಿಜ್ವರಕ್ಕೆ ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್ ಕೆಲಸ ಮಾಡುತ್ತವೆ. ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರಕ್ಕೆ ಸೆಫ್ಟ್ರಿಯಾಕ್ಸೋನ್ ನಡೆಯುವುದಿಲ್ಲ, ಕಡಿಮೆ ಬೆಲೆಯ ಡಾಕ್ಸಿಸೈಕ್ಲಿನ್ ಮಾತ್ರೆ ಸಾಕು. ಹೋದ ವರ್ಷ ನನಗೇ ಆಗಿತ್ತು. ಪಂಚೆ ಕಟ್ಟುವ ಜಾಗದಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಚಕ್ಕೆ ಇತ್ತು. ಪಿಎಚ್‌ಸಿಯ ಡಾಕ್ಟರಮ್ಮ ಅಂಗಿ ಎತ್ತಿ ನೋಡಿ ಹುಡುಕಿದರು. ಎರಡು ದಿನ ಮಾತ್ರೆ ನುಂಗಿದೆ, ಜ್ವರ ಬಿಟ್ಟಿತು.

ಅಡಿಕೆತೋಟ · ಬುಧವಾರ ರಾತ್ರಿ 8:55

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ನಿನ್ನೆ ಕೊನೆಯ ಡೋಸ್ ಆಯಿತು.

ಶುಕ್ರವಾರ ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿದೆ. ಕಲ್ಚರ್‌ನಲ್ಲಿ ಸೆಫ್ಟ್ರಿಯಾಕ್ಸೋನ್ ಕೆಲಸ ಮಾಡುತ್ತದೆ ಅಂತಲೇ ಇತ್ತು. ಶುಗರ್ ಇರುವುದರಿಂದ ಇಂಜೆಕ್ಷನ್ನೇ ಮುಗಿಸಿ ಅಂದರು. ಪಕ್ಕದ ಮನೆಯವರ ಓಮ್ನಿ ಕೇಳಿಕೊಂಡು ಪಿಎಚ್‌ಸಿಗೆ ಹೋದೆವು. ಅಲ್ಲಿನ ಸಿಸ್ಟರ್ ಹಳೇ ಕ್ಯಾನುಲಾ ತೆಗೆದು ಬಲಗೈಗೆ ಹೊಸದು ಹಾಕಿದರು. ತಾರೀಖು ನಾನೇ ಬರೆದೆ. ಅಡ್ರಿನಲಿನ್ ಇದೆಯಾ ಅಂತ ಕೇಳಲು ನಾಚಿಕೆ ಆಯಿತು, ಆದರೂ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಟ್ರೇ ಎಳೆದು ಆಂಪೂಲ್ ತೋರಿಸಿದರು. 'ಇದನ್ನು ಕೇಳಿದವರು ನೀವೇ ಮೊದಲು' ಅಂದರು. ಅರ್ಧ ಗಂಟೆ ಡ್ರಿಪ್, ಅರ್ಧ ಗಂಟೆ ಬೆಂಚಿನ ಮೇಲೆ. ಭಾನುವಾರ ಮಾತ್ರ ತಾಲ್ಲೂಕು ಆಸ್ಪತ್ರೆ. ಸೋಮವಾರದಿಂದ ಜ್ವರ ಇಲ್ಲ. ಇವತ್ತು ಅಮ್ಮ ಗಂಜಿ ಬೇಡ, ಮೆಣಸಿನ ಸಾರು ಅನ್ನ ಕೊಡು ಅಂದರು.

ಒಂದು ಬಾಟಲಿ ಜಾಸ್ತಿ ಉಳಿದಿದೆ. ಅದೇ ಓಮ್ನಿಯವರ ಮಗನಿಗೆ ಮೂರು ದಿನದಿಂದ ಜ್ವರ. 'ಉಳಿದದ್ದು ಇದ್ದರೆ ಕೊಡಿ, ಸರ್ಕಲ್‌ನಲ್ಲಿ ಹಾಕಿಸ್ತೀವಿ' ಅಂತ ಬೆಳಿಗ್ಗೆ ಬಂದರು. ಅವರ ಗಾಡಿಯಲ್ಲೇ ಐದು ದಿನ ಓಡಾಡಿದವನು, ಇಲ್ಲ ಅನ್ನುವುದು ತುಂಬ ಕಷ್ಟ ಆಯಿತು. ಇಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಹುಡುಗನನ್ನು ನಾನೇ ಪಿಎಚ್‌ಸಿಗೆ ಕರೆದುಕೊಂಡು ಹೋದೆ. ಮೈಯೆಲ್ಲ ನೋಡಿದರು, ರಕ್ತ ತೆಗೆದಿದ್ದಾರೆ. ರಿಪೋರ್ಟ್ ನಾಳೆ ಬರುತ್ತದೆ. ಇವತ್ತು ಬರೀ ಪ್ಯಾರಾಸಿಟಮಾಲ್ ಕೊಟ್ಟಿದ್ದಾರೆ.

ಮೆಡಿಕಲ್ಸ್ ಅಣ್ಣ, ಆ ಬಾಟಲಿ ಏನು ಮಾಡಲಿ?

ಮೆಡಿಕಲ್ಸ್ ಅಣ್ಣ · ಬುಧವಾರ ರಾತ್ರಿ 9:20

ಬಿಲ್ ಇದ್ದು ಸೀಲ್ ಒಡೆಯದಿದ್ದರೆ ತಂದ ಅಂಗಡಿಯಲ್ಲೇ ಕೇಳಿ ನೋಡಿ. ವಾಪಸ್ ತೆಗೆದುಕೊಳ್ಳದಿದ್ದರೆ ಪಿಎಚ್‌ಸಿಯ ಸಿಸ್ಟರ್ ಕೈಗೆ ಕೊಡಿ, ಆಸ್ಪತ್ರೆಯ ಕಸದ ಜೊತೆ ಸರಿಯಾಗಿ ಹೋಗುತ್ತದೆ. ಮನೆಯಲ್ಲಿ ಸೂಜಿ ಏನಾದರೂ ಉಳಿದಿದ್ದರೆ ಅದನ್ನೂ ಗಟ್ಟಿ ಡಬ್ಬಿಯಲ್ಲಿ ಹಾಕಿ ಅಲ್ಲಿಗೇ ಒಯ್ಯಿರಿ. ತೋಟಕ್ಕೆ, ಗೊಬ್ಬರದ ಗುಂಡಿಗೆ ಎಸೆಯಬೇಡಿ. ಬರಿಗಾಲಲ್ಲಿ ಓಡಾಡುವ ಜಾಗ ಅದು. ಹುಡುಗನ ರಿಪೋರ್ಟ್ ಬಂದ ಮೇಲೆ ಇಲ್ಲಿ ಹಾಕಿ.